ಷೇರ್ ಮಾಡಿದ ಫೋಲ್ಡರ್ ತೆರೆಯುತ್ತಿಲ್ಲವೇ? ಎಲ್ಲಿಂದ ಹುಡುಕಬೇಕು

ತಿಂಗಳ 20ನೇ ತಾರೀಕು ಹತ್ತಿರ ಬಂತೆಂದರೆ ನನಗೆ ಫೋನ್ ಜಾಸ್ತಿ. ತಿಂಗಳ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಲು ಅದೇ ಕೊನೆಯ ದಿನ. "ಸರ್, ಟ್ಯಾಲಿ ಓಪನ್ ಆಗ್ತಿಲ್ಲ. ನೆಟ್‌ವರ್ಕ್ ಹೋಗಿದೆ. ಇಂಟರ್ನೆಟ್ ಮಾತ್ರ ಚೆನ್ನಾಗೇ ಬರ್ತಿದೆ!"

ಸಣ್ಣ ಆಫೀಸುಗಳಲ್ಲಿ ವ್ಯವಸ್ಥೆ ಹೆಚ್ಚುಕಡಿಮೆ ಒಂದೇ ತರಹ. ನಾಲ್ಕೈದು ಕಂಪ್ಯೂಟರ್. ಮೂಲೆಯಲ್ಲಿ ಯುಪಿಎಸ್ ಪಕ್ಕ ಕೂತಿರುವುದಕ್ಕೆ 'ಸರ್ವರ್' ಅಂತ ಹೆಸರು. ಹೆಸರಿಗಷ್ಟೇ ಸರ್ವರ್, ಅದೂ ಮಾಮೂಲಿ ವಿಂಡೋಸ್ ಕಂಪ್ಯೂಟರೇ. ಅದರ ಡಿ ಡ್ರೈವ್‌ನಲ್ಲಿರುವ ಒಂದು ಫೋಲ್ಡರ್ ಅನ್ನು ಷೇರ್ ಮಾಡಿರುತ್ತಾರೆ. ಟ್ಯಾಲಿಯ ಲೆಕ್ಕ, ಬಿಲ್ಲು, ಸ್ಕ್ಯಾನ್ ಮಾಡಿದ ಕಾಗದ ಎಲ್ಲ ಅದರಲ್ಲೇ. ಅದು ತೆರೆಯಲಿಲ್ಲ ಅಂದರೆ ಆಫೀಸೇ ನಿಂತಂತೆ.

ಇಂಥ ಆಫೀಸುಗಳಿಗೆ ಓಡಾಡಿ ಕಲಿತದ್ದನ್ನು, ನಾನು ಹುಡುಕುವ ಕ್ರಮದಲ್ಲೇ ಇಲ್ಲಿ ಹೇಳುತ್ತೇನೆ. ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ ಹೊಡೆಯಿರಿ.

ಮೌಸ್ ಮುಟ್ಟುವ ಮೊದಲು

ಇಂಟರ್ನೆಟ್ ಬೇರೆ, ಆಫೀಸಿನ ಒಳಗಿನ ನೆಟ್‌ವರ್ಕ್ ಬೇರೆ. ಇಂಟರ್ನೆಟ್ ಪೂರ್ತಿ ಹೋಗಿದ್ದರೂ ಷೇರ್ಡ್ ಫೋಲ್ಡರ್ ತೆರೆಯಬೇಕು. ಇಂಟರ್ನೆಟ್ ಬರುತ್ತಿದೆ ಅಂದಮಾತ್ರಕ್ಕೆ ಒಳಗಿನ ದಾರಿ ಸರಿಯಿದೆ ಅಂತಲೂ ಅಲ್ಲ. ನಮ್ಮಲ್ಲಿ ಬಹಳ ಸಲ ಆಗುವುದು ಹೀಗೆ: ಬೆಳಿಗ್ಗೆ ವೈಫೈ ನಿಧಾನ ಇತ್ತು ಅಂತ ಹುಡುಗ ತನ್ನ ಮೊಬೈಲ್ ಹಾಟ್‌ಸ್ಪಾಟ್‌ಗೆ ಕನೆಕ್ಟ್ ಮಾಡಿಕೊಂಡಿರುತ್ತಾನೆ. ಆಮೇಲೆ ಮರೆತಿರುತ್ತಾನೆ. ಯೂಟ್ಯೂಬ್ ಓಡುತ್ತದೆ, ಫೋಲ್ಡರ್ ಸಿಗುವುದಿಲ್ಲ. ವೈಫೈನಲ್ಲಿ ಗೆಸ್ಟ್ ನೆಟ್‌ವರ್ಕ್‌ಗೆ ಸೇರಿಕೊಂಡಿದ್ದರೂ ಇದೇ ಕಥೆ. ಗೆಸ್ಟ್ ನೆಟ್‌ವರ್ಕ್ ಇರುವುದೇ ಒಳಗಿನ ಕಂಪ್ಯೂಟರ್‌ಗಳು ಕಾಣದಂತೆ ಮಾಡಲು.

ಹಾಗಾಗಿ ಮೊದಲು ಕೇಳಬೇಕಾದದ್ದು: ಒಂದೇ ಕಂಪ್ಯೂಟರ್‌ಗೆ ತೊಂದರೆಯೋ, ಎಲ್ಲಕ್ಕೂ ತೊಂದರೆಯೋ? ಬೇರೆಯವರಿಗೆ ತೆರೆಯುತ್ತಿದ್ದರೆ ಸರ್ವರ್ ಮುಟ್ಟಲೇಬೇಡಿ, ಸಾಮಾನ್ಯವಾಗಿ ತಪ್ಪು ಈ ಒಂದರಲ್ಲೇ ಇರುತ್ತದೆ. ಯಾರಿಗೂ ತೆರೆಯುತ್ತಿಲ್ಲ ಅಂದರೆ ಎದ್ದು ಹೋಗಿ ಸರ್ವರ್ ನೋಡಿ. ಆನ್ ಇದೆಯಾ? ನಿದ್ದೆಗೆ ಹೋಗಿದೆಯಾ? ಲಾಗಿನ್ ಆಗದೆ ಸುಮ್ನೆ ಆನ್ ಆಗಿದ್ದರೂ ಫೋಲ್ಡರ್ ಸಿಗುತ್ತದೆ. ಸ್ಲೀಪ್ ಆದರೆ ಮಾತ್ರ ಸಿಗುವುದಿಲ್ಲ. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನು 'ನೆವರ್' ಮಾಡಿಬಿಡಿ. ಪರದೆ ಆಫ್ ಆದರೆ ಚಿಂತೆಯಿಲ್ಲ.

ಮತ್ತೊಂದು ಪ್ರಶ್ನೆ: ನಿನ್ನೆಯಿಂದ ಇವತ್ತಿಗೆ ಏನು ಬದಲಾಯಿತು? ಹೊಸ ರೂಟರ್? ವಿಂಡೋಸ್ ಅಪ್‌ಡೇಟ್? ಪಾಸ್‌ವರ್ಡ್ ಬದಲಾವಣೆ? 'ಏನೂ ಇಲ್ಲ ಸರ್' ಅಂತಲೇ ಎಲ್ಲರೂ ಶುರು ಮಾಡುತ್ತಾರೆ. ಇನ್ನೊಮ್ಮೆ ಕೇಳಿ.

ಪರದೆ ಮೇಲೆ ಏನು ಬಂತು, ಅದನ್ನು ಓದಿ

ಎರರ್ ಬಂದ ತಕ್ಷಣ ಕ್ಲೋಸ್ ಮಾಡುವುದು ನಮ್ಮೆಲ್ಲರ ಅಭ್ಯಾಸ. ಆದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಕೊನೆಯಲ್ಲಿ 80070035 ಇರುವ ಕೋಡ್ ಬಂದು 'ನೆಟ್‌ವರ್ಕ್ ಪಾತ್ ಸಿಗಲಿಲ್ಲ' ಅಂದರೆ ನಿಮ್ಮ ಕಂಪ್ಯೂಟರ್ ಇನ್ನೂ ಸರ್ವರ್‌ವರೆಗೆ ತಲುಪಿಲ್ಲ. ಕೇಬಲ್, ವಿಳಾಸ, ಹೆಸರು, ಫೈರ್‌ವಾಲ್ (ಹೊರಗಿನಿಂದ ಬರುವುದನ್ನು ತಡೆಯುವ ಕಾವಲು) ಇವುಗಳಲ್ಲೇ ಹುಡುಕಬೇಕು. ಪರ್ಮಿಷನ್ ಬದಲಿಸಿ ಏನೂ ಪ್ರಯೋಜನ ಇಲ್ಲ.

'ಆಕ್ಸೆಸ್ ಡಿನೈಡ್' ಅಂತಲೋ, 'ನಿಮಗೆ ಅನುಮತಿ ಇಲ್ಲ' ಅಂತಲೋ ಬಂದರೆ ಅದು ಒಳ್ಳೆಯ ಸುದ್ದಿ. ಸರ್ವರ್ ಸಿಕ್ಕಿದೆ, ಅದು ಬೇಡ ಅನ್ನುತ್ತಿದೆ ಅಷ್ಟೆ. ಕೇಬಲ್ ಕಿತ್ತು ಹಾಕುವುದನ್ನು ನಿಲ್ಲಿಸಿ. ಪಾಸ್‌ವರ್ಡ್ ಮತ್ತೆ ಮತ್ತೆ ಕೇಳುತ್ತಿದ್ದರೂ ಹಾಗೆಯೇ.

ಇನ್ನೊಂದು ಉದ್ದನೆಯ ಸಂದೇಶ ಇತ್ತೀಚೆಗೆ ಹೆಚ್ಚಾಗಿದೆ. ನಿಮ್ಮ ಸಂಸ್ಥೆಯ ಭದ್ರತಾ ನೀತಿ ಗೆಸ್ಟ್ ಪ್ರವೇಶ ತಡೆಯುತ್ತಿದೆ ಅಂತ ಅದರ ಅರ್ಥ. 'ನಮ್ಮದ್ಯಾವ ನೀತಿ?' ಅಂತ ಕಿರಾಣಿ ಅಂಗಡಿಯವರೊಬ್ಬರು ನನ್ನನ್ನು ಕೇಳಿದ್ದರು. ಅದರ ವಿಷಯ ಮುಂದೆ ವಿವರವಾಗಿ ಬರುತ್ತದೆ.

ಸರ್ವರ್ ತಲುಪುತ್ತಿದೆಯಾ?

ಫೈಲ್ ಎಕ್ಸ್‌ಪ್ಲೋರರ್‌ನ ಎಡಗಡೆ 'ನೆಟ್‌ವರ್ಕ್' ಒತ್ತಿ, ಸರ್ವರ್ ಹೆಸರು ಕಾಣಲಿಲ್ಲ ಅಂತ ಗಾಬರಿಯಾಗಬೇಡಿ. ಆ ಪಟ್ಟಿಯಲ್ಲಿ ಕಾಣುವುದು ಬೇರೆ, ಫೋಲ್ಡರ್ ತೆರೆಯುವುದು ಬೇರೆ. ಪಟ್ಟಿ ಖಾಲಿ ಇದ್ದರೂ ಫೋಲ್ಡರ್ ಚೆನ್ನಾಗಿ ತೆರೆಯುವ ಆಫೀಸುಗಳನ್ನು ಎಷ್ಟೋ ನೋಡಿದ್ದೇನೆ. ನೇರ ವಿಳಾಸ ಹೊಡೆದು ನೋಡಿ.

ಸರ್ವರ್ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' ಅಂತ ಒತ್ತಿ. ಐಪಿವಿ4 ಅಡ್ರೆಸ್ ಅಂತ ಒಂದು ಸಾಲು ಬರುತ್ತದೆ, 192.168.1.10 ಇದ್ದ ಹಾಗೆ. ಆಫೀಸ್ ನೆಟ್‌ವರ್ಕ್‌ನಲ್ಲಿ ಸರ್ವರ್‌ನ ವಿಳಾಸ ಈ ನಂಬರೇ. ಈಗ ನಿಮ್ಮ ಕಂಪ್ಯೂಟರ್‌ಗೆ ಬನ್ನಿ. ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ಒಂದು ಪುಟ್ಟ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ನಿಮಗೆ ಸಿಕ್ಕ ನಂಬರ್ ಹಾಕಿ ಹೀಗೆ ಹೊಡೆಯಿರಿ:

\\192.168.1.10

ಗೆರೆ ಯಾವ ಕಡೆ ವಾಲಿದೆ ನೋಡಿಕೊಳ್ಳಿ. ವೆಬ್‌ಸೈಟ್ ವಿಳಾಸದಲ್ಲಿ ಬರುವ ಗೆರೆ ಅಲ್ಲ ಇದು, ಹಿಂದಕ್ಕೆ ವಾಲಿದ್ದು. ಸಾಮಾನ್ಯವಾಗಿ ಎಂಟರ್ ಕೀ ಮೇಲೆ ಇರುತ್ತದೆ.

ಫೋಲ್ಡರ್‌ಗಳು ಕಂಡವಾ? ಹಾಗಾದರೆ ನೆಟ್‌ವರ್ಕ್ ಸರಿಯಿದೆ, ಹೆಸರು ಹಿಡಿದು ಹುಡುಕುವುದರಲ್ಲಿ ಅಥವಾ ಹಳೆಯ ಶಾರ್ಟ್‌ಕಟ್‌ನಲ್ಲಿ ತೊಂದರೆ. ನಾನು ಮೊದಲು ಹೇಳಿದ ಫೋನ್ ಕಾಲ್‌ಗಳಲ್ಲಿ ಇದರ ಪಾಲು ದೊಡ್ಡದು. ಕರೆಂಟ್ ಹೋಗಿ ಬಂದಿರುತ್ತದೆ. ರೂಟರ್ ಮತ್ತೆ ಶುರುವಾಗಿ ಎಲ್ಲರಿಗೂ ಹೊಸದಾಗಿ ನಂಬರ್ ಹಂಚಿರುತ್ತದೆ. ನಿನ್ನೆ ಕೊನೆಯಲ್ಲಿ 10 ಇದ್ದ ಸರ್ವರ್ ಇವತ್ತು 14. ಶಾರ್ಟ್‌ಕಟ್‌ಗಳು ಇನ್ನೂ 10 ಹುಡುಕುತ್ತಿರುತ್ತವೆ. ಪ್ರತಿ ಸಲ ಶಾರ್ಟ್‌ಕಟ್ ಬದಲಿಸುವುದು ಪರಿಹಾರ ಅಲ್ಲ. ಬ್ರೌಸರ್‌ನಲ್ಲಿ ತೆರೆಯುವ ರೂಟರ್‌ನ ಸೆಟ್ಟಿಂಗ್ ಪುಟಕ್ಕೆ ಹೋಗಿ, ಡಿಎಚ್‌ಸಿಪಿ (ನಂಬರ್ ಹಂಚುವ) ವಿಭಾಗದಲ್ಲಿ ಅಡ್ರೆಸ್ ರಿಸರ್ವೇಷನ್ ಹುಡುಕಿ, ಸರ್ವರ್‌ಗೆ ಒಂದು ನಂಬರ್ ಕಾಯಂ ಮಾಡಿಬಿಡಿ. ಒಮ್ಮೆ ಮಾಡಿದರೆ ರೂಟರ್ ಬದಲಿಸುವವರೆಗೆ ನಿಶ್ಚಿಂತೆ.

ಸರ್ವರ್‌ನ ನಂಬರ್ 169.254 ಅಂತ ಶುರುವಾಗಿದ್ದರೆ ಅದಕ್ಕೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ. ಕೇಬಲ್ ನೋಡಿ, ಸ್ವಿಚ್‌ನ ದೀಪ ನೋಡಿ. ಇಲಿ ಕಚ್ಚಿದ ಕೇಬಲ್ ನಾನೇ ಮೂರು ಸಲ ಬದಲಿಸಿದ್ದೇನೆ.

ಎರಡೂ ಕಂಪ್ಯೂಟರ್‌ನ ನಂಬರ್‌ಗಳ ಮೊದಲ ಮೂರು ಭಾಗ ಹೋಲಿಸಿ. ಸಣ್ಣ ಆಫೀಸಿನಲ್ಲಿ ಅವು ಒಂದೇ ಇರಬೇಕು. ಒಂದು 192.168.1 ಇನ್ನೊಂದು 192.168.0 ಇದ್ದರೆ ಮಧ್ಯದಲ್ಲಿ ಇನ್ನೊಂದು ರೂಟರ್ ಕೂತಿದೆ ಎಂದು ಅರ್ಥ. ಒಳರೂಮಿಗೆ ವೈಫೈ ಬರಲಿ ಅಂತ ಯಾರೋ ಹಳೇ ರೂಟರ್ ಸಿಕ್ಕಿಸಿರುತ್ತಾರೆ. ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬೇರೆ ನೆಟ್‌ವರ್ಕ್ ಮಾಡದೆ ವೈಫೈ ಮಾತ್ರ ಕೊಡುವಂತೆ) ಹಾಕಿದರೆ ಎಲ್ಲರೂ ಒಂದೇ ನೆಟ್‌ವರ್ಕ್‌ಗೆ ಬರುತ್ತಾರೆ.

ಪಿಂಗ್ ಮಾಡಿ (ಕಂಪ್ಯೂಟರ್ ಇದೆಯಾ ಅಂತ ಕೂಗಿ ನೋಡುವ ಕಮಾಂಡ್ ಅದು) ಉತ್ತರ ಬರಲಿಲ್ಲ ಅಂದರೆ ಸರ್ವರ್ ಸತ್ತಿದೆ ಅಂತ ತೀರ್ಮಾನಿಸಬೇಡಿ. ಫೈರ್‌ವಾಲ್ ಪಿಂಗ್ ಮಾತ್ರ ತಡೆದಿರಬಹುದು. ಫೋಲ್ಡರ್ ಹಂಚುವ ಕೆಲಸ ಮಾಡುವುದು ಎಸ್‌ಎಂಬಿ ಅನ್ನುವ ಪ್ರೊಟೊಕಾಲ್, ಅದು 445ನೇ ಪೋರ್ಟ್, ಅಂದರೆ ಸರ್ವರ್‌ನ ಒಂದು ಬಾಗಿಲು, ಬಳಸುತ್ತದೆ. ಪವರ್‌ಶೆಲ್ ತೆರೆದು ಇದನ್ನು ಹೊಡೆಯಿರಿ:

ಟಿಎನ್‌ಸಿ 192.168.1.10 -ಪೋರ್ಟ್ 445

ಕೊನೆಯ ಸಾಲಿನಲ್ಲಿ 'ಟ್ರೂ' ಬಂದರೆ ಬಾಗಿಲು ತೆರೆದಿದೆ. 'ಫಾಲ್ಸ್' ಬಂದರೆ ಸರ್ವರ್ ಕಡೆ ಏನೋ ತಡೆಯುತ್ತಿದೆ.

ಸರ್ವರ್ ಬಾಗಿಲು ಹಾಕಿಕೊಂಡಿದ್ದರೆ

ಇಲ್ಲಿ ನಾನು ಮೊದಲು ನೋಡುವುದು ಒಂದೇ: ನೆಟ್‌ವರ್ಕ್ ಪ್ರೈವೇಟ್ ಇದೆಯಾ, ಪಬ್ಲಿಕ್ ಇದೆಯಾ. ಇಂಟರ್ನೆಟ್ ಕಂಪನಿ ಬದಲಿಸಿದಿರಿ, ಹೊಸ ರೂಟರ್ ಬಂತು. ವಿಂಡೋಸ್‌ಗೆ ಅದು ಗುರುತಿಲ್ಲದ ಜಾಗ. ಬಸ್ ಸ್ಟ್ಯಾಂಡ್ ವೈಫೈ ಇದ್ದ ಹಾಗೆ ನೋಡಿ ಪಬ್ಲಿಕ್ ಅಂತ ಗುರುತು ಮಾಡಿ, ಹಂಚಿಕೆ ಎಲ್ಲ ಮುಚ್ಚುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಅದರಲ್ಲಿ ಈಥರ್ನೆಟ್ ಅಥವಾ ನಿಮ್ಮ ವೈಫೈನ ಪ್ರಾಪರ್ಟೀಸ್ ತೆರೆದು ಪ್ರೈವೇಟ್ ಆರಿಸಿ.

ಹಾಗೇ ವಿಂಡೋಸ್ 11ರಲ್ಲಿ ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗಿನ ಅಡ್ವಾನ್ಸ್ಡ್ ಷೇರಿಂಗ್ ಸೆಟ್ಟಿಂಗ್ಸ್‌ಗೆ ಹೋಗಿ. ವಿಂಡೋಸ್ 10ರಲ್ಲಿ ಇದು ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಆ್ಯಂಡ್ ಷೇರಿಂಗ್ ಸೆಂಟರ್‌ನಲ್ಲಿ ಸಿಗುತ್ತದೆ. ಪ್ರೈವೇಟ್ ನೆಟ್‌ವರ್ಕ್‌ಗೆ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಆ್ಯಂಡ್ ಪ್ರಿಂಟರ್ ಷೇರಿಂಗ್ ಎರಡನ್ನೂ ಆನ್ ಮಾಡಿ. ಡಿಸ್ಕವರಿ ಆನ್ ಮಾಡಿದರೂ ತಾನೇ ಆಫ್ ಆಗುತ್ತಿದ್ದರೆ ಸರ್ವಿಸಸ್ ತೆರೆದು 'ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಷನ್' ಮತ್ತು 'ಎಸ್‌ಎಸ್‌ಡಿಪಿ ಡಿಸ್ಕವರಿ' ಓಡುತ್ತಿವೆಯಾ ನೋಡಿ, ಆಟೊಮ್ಯಾಟಿಕ್ ಮಾಡಿ.

ಹೊರಗಿನಿಂದ ಕೊಂಡು ಹಾಕಿದ ಆ್ಯಂಟಿವೈರಸ್ ಇದ್ದರೆ ಅದರದ್ದೇ ಫೈರ್‌ವಾಲ್ ಇರಬಹುದು. ಅದರಲ್ಲೂ ನಿಮ್ಮ ಆಫೀಸ್ ನೆಟ್‌ವರ್ಕ್ ಅನ್ನು ನಂಬಿಕೆಯದು ಅಂತ ಗುರುತಿಸಬೇಕು. ಫೈರ್‌ವಾಲ್ ಪೂರ್ತಿ ಆಫ್ ಮಾಡಿ 'ಸರಿಹೋಯ್ತು' ಅಂತ ಎದ್ದು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎರಡು ನಿಮಿಷ ಪರೀಕ್ಷೆಗೆ ಆಫ್ ಮಾಡಿ, ಬೇಡ ಅನ್ನಲ್ಲ. ಮತ್ತೆ ಆನ್ ಮಾಡಿಯೇ ಏಳಿ.

ಪಾಸ್‌ವರ್ಡ್ ಇಲ್ಲದ ಷೇರ್: ಈಗಿನ ತೊಂದರೆಯ ಬೇರು

ಇಷ್ಟು ಹೊತ್ತು ಹೇಳಿದ್ದು ಬೇಗ ಸರಿಹೋಗುವಂಥದ್ದು. ನಿಜವಾಗಿ ದಿನಗಟ್ಟಲೆ ಕಾಡುವುದು ಇದು.

ವರ್ಷಾನುಗಟ್ಟಲೆ ನಾವೆಲ್ಲ ಒಂದು ಸುಲಭದ ದಾರಿ ಹಿಡಿದಿದ್ದೆವು. 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಷೇರಿಂಗ್' ಆಫ್ ಮಾಡುವುದು, ಫೋಲ್ಡರ್‌ಗೆ 'ಎವ್ರಿವನ್' ಅಂತ ಹಾಕಿ ಫುಲ್ ಕಂಟ್ರೋಲ್ ಕೊಡುವುದು. ಐದು ನಿಮಿಷದ ಕೆಲಸ. ನಾನೂ ಹಾಗೇ ಮಾಡಿಕೊಟ್ಟಿದ್ದೇನೆ. ಹೀಗೆ ಬರುವವರು ಗೆಸ್ಟ್ ಆಗಿ, ಗುರುತು ಹೇಳದೆ ಒಳಗೆ ಬರುತ್ತಾರೆ.

ಆ ಕಾಲ ಮುಗಿಯುತ್ತಿದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಜಗತ್ತಿನೆಲ್ಲೆಡೆ ಹರಡಿತಲ್ಲ, ಅದು ನುಗ್ಗಿದ್ದು ಇದೇ ಎಸ್‌ಎಂಬಿಯ ಮೊದಲ ಆವೃತ್ತಿಯ ತೂತಿನಿಂದ. ಅದನ್ನು ಮುಚ್ಚುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಕೊನೆಯಿಂದ ವಿಂಡೋಸ್ 10 ಆ ಹಳೆಯ ಎಸ್‌ಎಂಬಿ1 ಅನ್ನು ಕೈಬಿಡತೊಡಗಿತು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ಇನ್ನೂ ಮುಂದೆ ಹೋಯಿತು. ಅದರ ಪ್ರೊನಲ್ಲಿ ಗೆಸ್ಟ್ ಆಗಿ ಹೋಗುವುದು ಮೊದಲಿನಿಂದಲೇ ಬಂದ್. ಬರುವ ಹೋಗುವ ಪ್ರತಿ ಮಾತಿಗೂ ಸಹಿ ಇರಬೇಕು ಅನ್ನುತ್ತದೆ. ಗುರುತೇ ಹೇಳದ ಗೆಸ್ಟ್ ಸಹಿ ಎಲ್ಲಿಂದ ಹಾಕಬೇಕು?

ಹಾಗಾಗಿ ಆಫೀಸಿಗೆ ಒಂದು ಹೊಸ ಲ್ಯಾಪ್‌ಟಾಪ್ ಬಂದ ದಿನ ಹಳೆಯವಕ್ಕೆಲ್ಲ ಫೋಲ್ಡರ್ ತೆರೆಯುತ್ತದೆ, ಹೊಸದಕ್ಕೆ ಮಾತ್ರ ಇಲ್ಲ. ರಿಜಿಸ್ಟ್ರಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ದಾಸ್ತಾನು) ಬದಲಿಸಿ ಗೆಸ್ಟ್ ಮತ್ತೆ ಆನ್ ಮಾಡುವ ವಿಡಿಯೋಗಳು ಬೇಕಾದಷ್ಟಿವೆ. ಮಾಡಬೇಡಿ. ಹತ್ತು ನಿಮಿಷ ಜಾಸ್ತಿ ಕೊಟ್ಟು ಸರಿಯಾದ ದಾರಿ ಹಿಡಿಯಿರಿ:

1. ಸರ್ವರ್‌ನಲ್ಲಿ ಅಕೌಂಟ್ಸ್ ಒಳಗಿನ ಅದರ್ ಯೂಸರ್ಸ್‌ಗೆ ಹೋಗಿ, ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದ ಒಬ್ಬ ಲೋಕಲ್ ಯೂಸರ್ ಮಾಡಿ. ಹೆಸರು 'ಆಫೀಸ್‌ಷೇರ್' ಅಂತಿರಲಿ. ಪಾಸ್‌ವರ್ಡ್ ಕೊಡಲೇಬೇಕು. ಖಾಲಿ ಪಾಸ್‌ವರ್ಡ್‌ನ ಯೂಸರ್‌ಗೆ ನೆಟ್‌ವರ್ಕ್‌ನಿಂದ ಪ್ರವೇಶ ಇಲ್ಲ. ಅಡ್ಮಿನ್ ಹಕ್ಕು ಬೇಡ.

2. ಪಾಸ್‌ವರ್ಡ್ ಪ್ರೊಟೆಕ್ಟೆಡ್ ಷೇರಿಂಗ್ ಆನ್ ಮಾಡಿ.

3. ಫೋಲ್ಡರ್‌ನಿಂದ 'ಎವ್ರಿವನ್' ತೆಗೆದು ಈ ಯೂಸರ್ ಸೇರಿಸಿ. ಹೇಗೆ ಅನ್ನುವುದು ಕೆಳಗಿದೆ.

4. ಬೇರೆ ಕಂಪ್ಯೂಟರ್‌ಗಳಿಂದ ಫೋಲ್ಡರ್ ತೆರೆಯಿರಿ. ಹೆಸರು ಕೇಳಿದಾಗ ಸರ್ವರ್ ಹೆಸರು, ಹಿಂದಕ್ಕೆ ವಾಲಿದ ಗೆರೆ, ಆಮೇಲೆ ಯೂಸರ್ ಹೆಸರು ಕೊಡಿ. ಉದಾಹರಣೆಗೆ ಸರ್ವರ್\ಆಫೀಸ್‌ಷೇರ್. 'ರಿಮೆಂಬರ್' ಟಿಕ್ ಮಾಡಿ.

ಒಂದು ಎಚ್ಚರ. 'ನೆಟ್ ಯೂಸರ್' ಕಮಾಂಡ್ ಬಳಸಿ ಯೂಸರ್ ಮಾಡಿದರೆ ಪಾಸ್‌ವರ್ಡ್ ಮಾಮೂಲಾಗಿ 42 ದಿನಕ್ಕೆ ಅವಧಿ ಮುಗಿಯುತ್ತದೆ. ಒಂದೂವರೆ ತಿಂಗಳು ಚೆನ್ನಾಗಿ ಓಡಿ, ಒಂದು ದಿನ ಎಲ್ಲರಿಗೂ ಒಟ್ಟಿಗೆ ಬಂದ್. ಯಾರೂ ಏನೂ ಮುಟ್ಟಿರುವುದಿಲ್ಲ! ಪ್ರೊ ಆವೃತ್ತಿಯಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು ಆ ಯೂಸರ್‌ಗೆ 'ಪಾಸ್‌ವರ್ಡ್ ನೆವರ್ ಎಕ್ಸ್‌ಪೈರ್ಸ್' ಟಿಕ್ ಮಾಡಿ.

ಪಾಸ್‌ವರ್ಡ್ ಸರಿಯಿದ್ದರೂ ಒಪ್ಪದಿದ್ದರೆ

ದಿನಾ ಲಾಗಿನ್ ಆಗುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ. ಪಿನ್ ಆ ಕಂಪ್ಯೂಟರ್ ಮುಂದೆ ಕೂತವರಿಗೆ ಮಾತ್ರ.

ಕನ್ನಡ ಕೀಬೋರ್ಡ್ ಆನ್ ಆಗಿ ಉಳಿದಿದೆಯಾ ನೋಡಿ. ಪಾಸ್‌ವರ್ಡ್ ಜಾಗದಲ್ಲಿ ಕಾಣುವುದು ಬರೀ ಚುಕ್ಕಿ, ಹಾಗಾಗಿ ಗೊತ್ತೇ ಆಗುವುದಿಲ್ಲ. ಕಣ್ಣಿನ ಗುರುತು ಒತ್ತಿ ಏನು ಬಿದ್ದಿದೆ ಓದಿಕೊಳ್ಳಿ. ಅರ್ಜಿ ಟೈಪ್ ಮಾಡುವ ಆಫೀಸುಗಳಲ್ಲಿ ಇದು ಮಾಮೂಲು.

ಎರಡೂ ಕಂಪ್ಯೂಟರ್‌ನಲ್ಲಿ ಯೂಸರ್ ಹೆಸರು ಒಂದೇ ಇದ್ದರೂ ಕಿರಿಕಿರಿ. ಅಂಗಡಿಯವರು ಎಲ್ಲದಕ್ಕೂ 'ಅಡ್ಮಿನ್' ಅಂತಲೇ ಹೆಸರಿಟ್ಟು ಕೊಟ್ಟಿರುತ್ತಾರೆ. ನಿಮ್ಮ ಕಂಪ್ಯೂಟರ್ ಮೊದಲು ತನ್ನ ಹೆಸರು, ತನ್ನ ಪಾಸ್‌ವರ್ಡನ್ನೇ ತೋರಿಸುತ್ತದೆ. ಸರ್ವರ್‌ನಲ್ಲೂ ಅದೇ ಹೆಸರಿದ್ದು ಪಾಸ್‌ವರ್ಡ್ ಬೇರೆ ಇದ್ದರೆ 'ಸುಳ್ಳು' ಅಂತ ತಳ್ಳುತ್ತದೆ. ಅದಕ್ಕೇ ಮೇಲೆ ಹೇಳಿದಂತೆ ಸರ್ವರ್ ಹೆಸರು ಸೇರಿಸಿ ಪೂರ್ತಿ ಹೊಡೆಯಬೇಕು.

ಪಾಸ್‌ವರ್ಡ್ ಬದಲಿಸಿದ ಮೇಲೆ ಹಳೆಯದು ನೆನಪಿನಲ್ಲಿ ಉಳಿದಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆದು, ವಿಂಡೋಸ್ ಕ್ರೆಡೆನ್ಷಿಯಲ್ಸ್‌ನಲ್ಲಿ ಸರ್ವರ್ ಹೆಸರಿನ, ಸರ್ವರ್ ನಂಬರಿನ ಸಾಲುಗಳನ್ನು ಅಳಿಸಿ. 1219 ಅನ್ನುವ ಎರರ್ ಬಂದರೆ ಒಂದೇ ಸರ್ವರ್‌ಗೆ ಎರಡು ಹೆಸರಲ್ಲಿ ಹೋಗುತ್ತಿದ್ದೀರಿ ಎಂದು ಅರ್ಥ. 'ನೆಟ್ ಯೂಸ್ * /ಡಿಲೀಟ್' ಹೊಡೆದು ಹಳೆ ಕೊಂಡಿಗಳನ್ನೆಲ್ಲ ಕಿತ್ತು, ಸೈನ್ ಔಟ್ ಆಗಿ ಬನ್ನಿ.

ಒಂದು ಕಂಪ್ಯೂಟರ್‌ನ ಡಿಸ್ಕನ್ನೇ ನಕಲು ಮಾಡಿ ಬೇರೆಯವಕ್ಕೆ ಹಾಕಿದ್ದರೆ ಇನ್ನೊಂದು ಹೊಸ ತೊಂದರೆ ಇದೆ. ನಕಲಾದವುಗಳ ಒಳಗುರುತು ಒಂದೇ ಇರುತ್ತದೆ. 2025ರ ಆಗಸ್ಟ್ ಕೊನೆಯ ನಂತರದ ಅಪ್‌ಡೇಟ್‌ಗಳು ಇದನ್ನು ಪತ್ತೆಹಚ್ಚಿ, ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುವುದಿಲ್ಲ. ಸೆಟ್ಟಿಂಗ್‌ನಲ್ಲಿ ಹುಡುಕಿ ಫಲವಿಲ್ಲ. ನಕಲಾದ ಕಂಪ್ಯೂಟರ್‌ಗೆ ವಿಂಡೋಸ್ ಹೊಸದಾಗಿ ಹಾಕಿಸಿ.

ತೆರೆಯುತ್ತದೆ, ಸೇವ್ ಆಗುವುದಿಲ್ಲ

ಪರ್ಮಿಷನ್ ಎರಡು ಕಡೆ ಇದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಷೇರಿಂಗ್ ಅನ್ನುವ ಟ್ಯಾಬ್, ಪಕ್ಕದಲ್ಲಿ ಸೆಕ್ಯುರಿಟಿ. ನೆಟ್‌ವರ್ಕ್‌ನಿಂದ ಬರುವವರು ಎರಡನ್ನೂ ದಾಟಬೇಕು, ಯಾವುದು ಬಿಗಿಯೋ ಅದೇ ನಡೆಯುತ್ತದೆ. ಒಂದು ಕಡೆ ಧಾರಾಳ ಕೊಟ್ಟು ಇನ್ನೊಂದು ಕಡೆ 'ರೀಡ್' ಇದ್ದರೆ ಓದಬಹುದು ಅಷ್ಟೇ. ಅಡ್ವಾನ್ಸ್ಡ್ ಷೇರಿಂಗ್‌ನಿಂದ ಷೇರ್ ಮಾಡಿದಾಗ ಮೊದಲು ಸಿಗುವುದೇ ಬರೀ ರೀಡ್. ಅಲ್ಲಿ 'ಆಫೀಸ್‌ಷೇರ್'ಗೆ ಚೇಂಜ್ ಕೊಡಿ, ಸೆಕ್ಯುರಿಟಿಯಲ್ಲಿ ಮಾಡಿಫೈ ಕೊಡಿ. ಫುಲ್ ಕಂಟ್ರೋಲ್ ಯಾರಿಗೂ ಬೇಕಿಲ್ಲ. ಯಾರದೋ ಕಂಪ್ಯೂಟರ್‌ಗೆ ರ‍್ಯಾನ್ಸಮ್‌ವೇರ್ ಬಂದರೆ, ಅವರು ಬರೆಯಬಹುದಾದ ಷೇರ್ಡ್ ಫೋಲ್ಡರ್‌ಗಳನ್ನೂ ಅದು ಕೆಡಿಸುತ್ತದೆ ಅನ್ನುವುದು ನೆನಪಿರಲಿ.

ಫೋಲ್ಡರ್ ಪೂರ್ತಿ ತೆರೆಯುತ್ತದೆ, ಒಂದೇ ಒಂದು ಫೈಲ್ ಮಾತ್ರ ಆಗುವುದಿಲ್ಲ. ಹೀಗಾದರೆ ಅದನ್ನು ಯಾರೋ ಅದೇ ಡ್ರೈವ್‌ನ ಬೇರೆ ಫೋಲ್ಡರ್‌ನಿಂದ ಕಟ್ ಮಾಡಿ ತಂದಿರಬಹುದು. ಒಂದೇ ಡ್ರೈವ್ ಒಳಗೆ ಕಟ್ ಮಾಡಿ ತಂದ ಫೈಲ್ ತನ್ನ ಹಳೇ ಪರ್ಮಿಷನ್ ಹೊತ್ತುಕೊಂಡೇ ಬರುತ್ತದೆ. ಕಾಪಿ ಮಾಡಿದರೆ ಹೊಸ ಫೋಲ್ಡರ್‌ನದ್ದು ಸಿಗುತ್ತದೆ. ಸರ್ವರ್‌ನಲ್ಲಿ ಕೂತು ಆ ಫೈಲ್ ಕಾಪಿ ಮಾಡಿ ಹಳೆಯದನ್ನು ಅಳಿಸಿದರೆ ಮುಗಿಯಿತು.

ಸ್ಕ್ಯಾನರ್ ಮತ್ತು ಕೆಲವು ಪುಡಿ ತೊಂದರೆಗಳು

ದೊಡ್ಡ ಜೆರಾಕ್ಸ್ ಮೆಷಿನ್‌ಗಳು ಸ್ಕ್ಯಾನ್ ಮಾಡಿದ್ದನ್ನು ನೇರ ಫೋಲ್ಡರ್‌ಗೆ ಹಾಕುತ್ತವಲ್ಲ, ಹಳೆಯವು ಎಸ್‌ಎಂಬಿ1 ಮಾತ್ರ ಬಲ್ಲವು. ಹೊಸ ಕಂಪ್ಯೂಟರ್ ಬಂದ ಕೂಡಲೇ ಸ್ಕ್ಯಾನ್ ನಿಲ್ಲುತ್ತದೆ. ಮೆಷಿನ್‌ನ ಸೆಟ್ಟಿಂಗ್‌ನಲ್ಲಿ ಎಸ್‌ಎಂಬಿ2 ಇದೆಯಾ ನೋಡಿ, ಸರ್ವಿಸ್‌ನವರನ್ನು ಫರ್ಮ್‌ವೇರ್ (ಮೆಷಿನ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಕೇಳಿ. ಎರಡೂ ಇಲ್ಲವಾದರೆ ಇಮೇಲ್‌ಗೋ ಪೆನ್‌ಡ್ರೈವ್‌ಗೋ ಸ್ಕ್ಯಾನ್ ಮಾಡಿಕೊಳ್ಳಿ. ಒಂದು ಮೆಷಿನ್‌ಗೋಸ್ಕರ ಎಸ್‌ಎಂಬಿ1 ಮತ್ತೆ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಎಕ್ಸ್‌ಪ್ಲೋರರ್‌ನಲ್ಲಿ ಝಡ್ ಡ್ರೈವ್ (ಷೇರ್ಡ್ ಫೋಲ್ಡರ್‌ಗೆ ಡ್ರೈವ್ ಅಕ್ಷರ ಕೊಟ್ಟು ಜೋಡಿಸಿದ್ದು) ಕಾಣುತ್ತದೆ, ಸಾಫ್ಟ್‌ವೇರ್‌ಗೆ ಮಾತ್ರ ಕಾಣುವುದಿಲ್ಲ ಅಂದರೆ ಆ ಸಾಫ್ಟ್‌ವೇರ್ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆಗಿ ಓಡುತ್ತಿದೆಯಾ ನೋಡಿ. ಮಾಮೂಲಿ ಲಾಗಿನ್‌ನಲ್ಲಿ ಜೋಡಿಸಿದ ಡ್ರೈವ್ ಅಡ್ಮಿನ್ ಆಗಿ ಓಡುವ ಪ್ರೋಗ್ರಾಂಗೆ ಕಾಣುವುದಿಲ್ಲ. ಡ್ರೈವ್ ಅಕ್ಷರದ ಬದಲು ಪೂರ್ತಿ ವಿಳಾಸವನ್ನೇ ಕೊಡಿ.

ಬೆಳಿಗ್ಗೆ ಬಂದಾಗ ಡ್ರೈವ್ ಮೇಲೆ ಕೆಂಪು ಗುರುತು ಇದ್ದರೆ ಸರ್ವರ್‌ಗಿಂತ ಮೊದಲೇ ನಿಮ್ಮ ಕಂಪ್ಯೂಟರ್ ಶುರುವಾಗಿರಬಹುದು. ಒಮ್ಮೆ ಡಬಲ್ ಕ್ಲಿಕ್ ಮಾಡಿ, ತೆರೆಯುತ್ತದೆ.

'ಫೈಲ್ ಬೇರೆಯವರ ಬಳಿ ತೆರೆದಿದೆ' ಅಂತ ಬಂದು, ಎಲ್ಲರೂ 'ನಾನಲ್ಲ' ಅನ್ನುತ್ತಿದ್ದರೆ ಸರ್ವರ್‌ನಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು, ಷೇರ್ಡ್ ಫೋಲ್ಡರ್ಸ್ ಒಳಗಿನ ಓಪನ್ ಫೈಲ್ಸ್ ನೋಡಿ. ಯಾವ ಯೂಸರ್ ಹೆಸರಲ್ಲಿ ತೆರೆದಿದೆ ಅಂತ ಇರುತ್ತದೆ, ಪಕ್ಕದ ಸೆಷನ್ಸ್‌ನಲ್ಲಿ ಯಾವ ಕಂಪ್ಯೂಟರ್ ಅಂತಲೂ ಸಿಗುತ್ತದೆ. ಅಲ್ಲಿಂದಲೇ ಮುಚ್ಚಬಹುದು, ಆದರೆ ಅವರು ಸೇವ್ ಮಾಡದ ಕೆಲಸ ಹೋಗುತ್ತದೆ. ಕೂಗಿ ಕೇಳಿಯೇ ಮುಚ್ಚಿ.

ಕಂಪ್ಯೂಟರ್‌ಗಳು ಜಾಸ್ತಿಯಾದಂತೆ ಕೆಲವರಿಗೆ ಮಾತ್ರ, ಅದೂ ಆಗಾಗ, ತೆರೆಯದಿದ್ದರೆ ಎಣಿಸಿ ನೋಡಿ. ಮಾಮೂಲಿ ವಿಂಡೋಸ್ 10, 11 ಒಟ್ಟಿಗೆ 20 ಸಂಪರ್ಕಗಳಿಗಿಂತ ಹೆಚ್ಚು ಒಪ್ಪುವುದಿಲ್ಲ. ಅದಕ್ಕಿಂತ ದೊಡ್ಡ ಆಫೀಸಾದರೆ ವಿಂಡೋಸ್ ಸರ್ವರ್ ಅಥವಾ ನ್ಯಾಸ್ ಪೆಟ್ಟಿಗೆ (ಫೈಲ್ ಇಟ್ಟು ಹಂಚಲೆಂದೇ ಇರುವ ಸಾಧನ) ತರಿಸುವ ಹೊತ್ತು ಬಂದಿದೆ.

ಎಲ್ಲ ಸರಿಹೋದ ಮೇಲೆ ಒಂದು ಚೀಟಿ ಬರೆದಿಡಿ: ಸರ್ವರ್ ಹೆಸರು, ಅದರ ನಂಬರ್, ಫೋಲ್ಡರ್ ವಿಳಾಸ, ಯೂಸರ್ ಹೆಸರು, ರೂಟರ್ ಪುಟದ ವಿಳಾಸ. ಪಾಸ್‌ವರ್ಡ್ ಅದರಲ್ಲಿ ಬೇಡ, ಅದು ಯಜಮಾನರ ಬಳಿ ಇರಲಿ. ಚೀಟಿಯನ್ನು ಯುಪಿಎಸ್ ಮೇಲೆ ಅಂಟಿಸಿ. ಮುಂದಿನ ಸಲ ಫೋನ್ ಮಾಡಿದಾಗ ಯಾರೇ ಬಂದರೂ ಮೊದಲು ಕೇಳುವುದು ಅದನ್ನೇ.